ನಿಮಗಿದು ಗೊತ್ತೆ? ತನ್ನ ದೋಷವನ್ನು ತಾನೇ ಅರಿಯುವ ಜಾಲ

ಕೆಂಗೇರಿಯ ರಸ್ತೆಯೊಂದರಲ್ಲಿ ಅಗೆಯುವ ಯಂತ್ರಕ್ಕೆ ಸಿಲುಕಿ ನೆಲದಡಿಯ ಕೇಬಲ್ಲು ತುಂಡಾದರೆ (ನಮ್ಮ ಪಶ್ಚಿಮ ಬಡಾವಣೆಗಳಲ್ಲಿ ಅಗೆತಕ್ಕೇನೂ ಬರವಿಲ್ಲವಷ್ಟೆ), ಯಾರೂ ದೂರು ಕೊಡುವುದಕ್ಕೆ ಮೊದಲೇ ಜಾಲದ ರೂಟರುಗಳು ಅದನ್ನು ತಾವಾಗಿಯೇ ಅರಿತು, ಬೇರೆ ಮಾರ್ಗವಿದ್ದ ಪಕ್ಷದಲ್ಲಿ ವಿಜಯನಗರದ ಮನೆಗಳಿಗೆ ಹೊರಟ ಸಂದೇಶಗಳನ್ನು ಅತ್ತ ತಿರುಗಿಸಬಲ್ಲವು. ಒಎಸ್‌ಪಿಎಫ್ ಎಂಬ ಪ್ರಚಲಿತ ಪದ್ಧತಿಯಲ್ಲಿ ನೆರೆಯ ರೂಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪರಸ್ಪರ ‘ಹಲೋ’ ಎನ್ನುತ್ತವೆ; 40 ಸೆಕೆಂಡು ಸದ್ದಿಲ್ಲದಿದ್ದರೆ ಸಂಪರ್ಕ ಕಡಿಯಿತೆಂದು ಬಗೆದು ಉಳಿದವಕ್ಕೆ ಸಾರುತ್ತವೆ.

ಆದರೆ ಮೌನಕ್ಕಿಂತ ಮಿಥ್ಯೆಯೇ ಕಠಿನ. ಕೆಟ್ಟ ಯಂತ್ರವೇ ನೆರೆಯದನ್ನು ಕೆಟ್ಟುದೆಂದು ದೂರಿದರೆ ನಂಬುವುದೆಂತು? ಪ್ರೆಪರಾಟಾ, ಮೆಟ್ಜ್ ಮತ್ತು ಚೀನ್ ಎಂಬ ಮೂವರು 1967ರಲ್ಲಿ ಪ್ರತಿಪಾದಿಸಿದ ಸಿದ್ಧಾಂತದ ಪ್ರಕಾರ, 7 ಯಂತ್ರಗಳು ಯುಕ್ತಕ್ರಮದಲ್ಲಿ ಒಂದನ್ನೊಂದು ಪರೀಕ್ಷಿಸಿದರೆ, ಅವುಗಳಲ್ಲಿ 3ರವರೆಗೆ ಕೆಟ್ಟು ಸುಳ್ಳಾಡಿದರೂ ದೋಷಯುಕ್ತವಾದುವು ಯಾವುವೆಂದು ನಿಷ್ಕರ್ಷಿಸಬಹುದು. ಆದರೆ ಆ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಲು ನಿರ್ದುಷ್ಟನಾದ ಕೇಂದ್ರ ನ್ಯಾಯಾಧೀಶನೊಬ್ಬನು ಬೇಕಾಗಿದ್ದನು. ಅವನನ್ನು ತೊಡೆದುಹಾಕಿ, ಸ್ವಸ್ಥವಾದ ಪ್ರತಿಯೊಂದು ಯಂತ್ರವೂ ತಾನೇ ನಿದಾನ ಮಾಡಿಕೊಳ್ಳುವ ವಿಧಾನವನ್ನು 1980ರಲ್ಲಿ ನಿರೂಪಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಜಾನ್ ಕೂಲ್ ಮತ್ತು ಸುಧಾಕರ ರೆಡ್ಡಿ. ಈ ರೆಡ್ಡಿಯವರು ರಾಜಾಜಿನಗರಕ್ಕೆ ಅನತಿದೂರದಲ್ಲಿರುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಸ್ನಾತಕೋತ್ತರ ವ್ಯಾಸಂಗ ಮಾಡಿದವರು!

ಅದೇ 1980ರ ಅಕ್ಟೋಬರ್ 27ರಂದು, ದೋಷಗ್ರಸ್ತ ಯಂತ್ರವೊಂದರಲ್ಲಿ ವಿಕೃತಗೊಂಡ ಸ್ಥಿತಿಸಂದೇಶಗಳನ್ನು ಉಳಿದ ಯಂತ್ರಗಳು ವಿವೇಚಿಸದೆ ಹರಡಿದ್ದರಿಂದ, ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟು ಹಲವು ಗಂಟೆಗಳ ಕಾಲ ಸ್ತಬ್ಧವಾಗಿತ್ತು.