ತಾಡಪತ್ರಿ ಕೊಳ್ಳುವ ಮುಂಚೆ ತೂಗಿ ನೋಡಿ

2021ರ ನವೆಂಬರ್. ರಾಜ್ಯದ ತುಂಬಾ ಅಕಾಲ ಮಳೆ ಹಿಡಿದ ತಿಂಗಳು. ಸಿಂಧನೂರು ಸೀಮೆಯ ನಮ್ಮ ಹೊಲದಲ್ಲಿ ಮಷೀನು ಕೊಯ್ದ ಸೋನಾಮಸೂರಿ ರಾಶಿ ಬಿದ್ದಿತ್ತು. ಎರಡು ತಾಡಪತ್ರಿ ಹೊಚ್ಚಿ, ಅಂಚಿಗೆ ಕಲ್ಲು ಹೇರಿ ಮಲಗಿದೆ. ನಸುಕಿನಲ್ಲಿ ನೋಡಿದರೆ ಒಂದರ ಕಣ್ಣುಗಳು ಕಿತ್ತು ಮೂಲೆ ಹಾರಾಡುತ್ತಿತ್ತು. ಇನ್ನೊಂದರ ನಡುವೆ ತಗ್ಗು ಬಿದ್ದು ನೀರು ನಿಂತಿತ್ತು. ಮೂರು ದಿನ ಮೋಡ, ತೆಗೆಯಲು ಧೈರ್ಯ ಬರಲಿಲ್ಲ. ನಾಲ್ಕನೇ ದಿನ ಕೈ ಹಾಕಿದರೆ ರಾಶಿಯೊಳಗೆ ಬಿಸಿ, ಬುಡದಲ್ಲಿ ಮೊಳಕೆ! ಖರೀದಿಗೆ ಬಂದವನು ಒಂದು ಹಿಡಿ ಮೂಸಿ ನೋಡಿ ದರ ಇಳಿಸಿದ.

ನಮ್ಮ ಮುತ್ಯಾ ಅಂದದ್ದು ಇಷ್ಟೇ: "ತಾಡಪತ್ರಿ ಒಂದ ಕೆಟ್ಟಿಲ್ಲೋ ತಮ್ಮಾ, ನಿನ್ನ ಲೆಕ್ಕಾನೂ ಕೆಟ್ಟೈತಿ."

ಆ ಲೆಕ್ಕ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ತೂಕ ಸುಳ್ಳು ಹೇಳದು

ಅಂಗಡಿಯಲ್ಲಿ ಬಣ್ಣ, ಹೊಳಪು ನೋಡಿ ಮೋಸ ಹೋಗುವವರೇ ಹೆಚ್ಚು. ನೋಡಬೇಕಾದ್ದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕ. 8x6 ಮೀಟರಿನದು 48 ಚದರ ಮೀಟರ್. 250 ಜಿಎಸ್‌ಎಂ ಆದರೆ 12 ಕಿಲೋ ತೂಗಬೇಕು. ತಕ್ಕಡಿಗೆ ಹಾಕಿಸಿ. ಆರು ಕಿಲೋ ಬಂದರೆ ಅದು 125ರದು, ಚೀಟಿಯ ಮೇಲೆ ಏನೇ ಬರೆದಿರಲಿ. 18x24 ಅಡಿಯದು ಸುಮಾರು 40 ಚದರ ಮೀಟರ್. 200 ಜಿಎಸ್‌ಎಂ ಇದ್ದರೆ 8 ಕಿಲೋ.

ಆಮೇಲೆ ಅಂಚು. ಮಡಿಚಿದ ಅಂಚಿನೊಳಗೆ ಹಗ್ಗ ಇರಬೇಕು, ಕಣ್ಣಿನ ಬಳೆ ಆ ದಪ್ಪ ಅಂಚಿನಲ್ಲೇ ಕೂತಿರಬೇಕು. ಹೆಣೆದ ಪ್ಲಾಸ್ಟಿಕ್ಕಿನದಾದರೆ ಐಎಸ್ 7903 ಗುರುತು ಇದೆಯೇ ನೋಡಿ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ತಾಡಪತ್ರಿ ಬಂದಾಗಲೂ ಇದೇ ಪರೀಕ್ಷೆ ಮಾಡಿ.

ರಾಶಿ ಗುಂಡಗೆ ಬೇಡ

ನನ್ನ ದೊಡ್ಡ ತಪ್ಪು ಇಲ್ಲಿತ್ತು. 16 ಅಡಿ ಅಗಲ, 5 ಅಡಿ ಎತ್ತರದ ಗುಂಡು ರಾಶಿಗೆ 8x6 ಮೀಟರಿನದು ಹೊಚ್ಚಿದರೆ ಎರಡು ಬದಿಯಲ್ಲಿ ನೆಲ ಮುಟ್ಟುವುದೇ ಕಷ್ಟ. ಅದಕ್ಕೇ ಒಂದರ ಮೇಲೊಂದು ಹೊಚ್ಚಿ, ನಡುವೆ ತಗ್ಗು ಮಾಡಿಕೊಂಡೆ. ರಾಶಿಯನ್ನು ಉದ್ದಕ್ಕೆ ಎಳೆಯಿರಿ: 20 ಅಡಿ ಉದ್ದ, ಹನ್ನೊಂದೂವರೆ ಅಡಿ ಅಗಲ, 4 ಅಡಿ ಎತ್ತರ. ನಮ್ಮ 75 ಕಿಲೋ ಚೀಲದ ಲೆಕ್ಕದಲ್ಲಿ ಅರವತ್ತು ಚೀಲ ಭತ್ತ ಒಂದೇ ತಾಡಪತ್ರಿಯಡಿ ಕೂರುತ್ತದೆ. ಸುತ್ತಲೂ ಎರಡಡಿ ಅಂಚು ಉಳಿಯುತ್ತದೆ.

ಕೆಳಗೆ ಹಾಸಿದ್ದರ ಅಂಚು ಮೇಲೆ ಹೊಚ್ಚಿದ್ದರ ಹೊರಗೆ ಇಣುಕಬಾರದು. ಇಣುಕಿದರೆ ಜಾರಿ ಬಂದ ನೀರೆಲ್ಲಾ ರಾಶಿಯ ಬುಡಕ್ಕೇ. ಎರೆ ನೆಲದಲ್ಲಿ ನೀರು ಬೇಗ ಇಂಗದು. ಎತ್ತರದ ಜಾಗ ಹಿಡಿದು, ಸುತ್ತ ಗೇಣು ಆಳದ ಕಾಲುವೆ ತೋಡಿ.

ಹೊಚ್ಚುವಷ್ಟೇ ಮುಖ್ಯ ತೆಗೆಯುವುದು

ಹಸಿ ಭತ್ತ ಉಸಿರಾಡುತ್ತದೆ. ಆ ಆವಿ ತಾಡಪತ್ರಿಯ ಒಳಮೈಗೆ ಹತ್ತಿ ಹನಿಯಾಗಿ ಮತ್ತೆ ರಾಶಿಗೇ ಬೀಳುತ್ತದೆ. ರಾಶಿಯ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಬಿದಿರು ಗಳ ಎತ್ತಿ ಕಟ್ಟಿ ಅದರ ಮೇಲೆ ಹೊಚ್ಚಿದರೆ ನೀರೂ ನಿಲ್ಲದು, ಗಾಳಿಯೂ ಆಡುತ್ತದೆ. ಮಳೆ ನಿಂತ ತಕ್ಷಣ ತೆಗೆದು ಕೈಯಾಡಿಸಿ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ.17 ಮೀರಬಾರದು, ಮನೆಯಲ್ಲಿ ಇಡುವುದಾದರೆ ಶೇ.14ಕ್ಕೆ ಇಳಿಯಬೇಕು.

ಲಿಂಗಸುಗೂರು, ಮಸ್ಕಿ ಕಡೆಯ ಮಳೆಯಾಶ್ರಿತ ಹೊಲದವರಿಗೆ ಬೇರೆ ಮಾತು. ತೊಗರಿ ಕೊರೆಕಟ್ಟೆ ಚುಚ್ಚಿ ಹೊಸದೂ ಒಂದೇ ಸುಗ್ಗಿಗೆ ಜರಡಿಯಾಗುತ್ತದೆ. ರಾಶಿ ಮಷೀನಿನ ಕೆಳಗೆ ಹಳೆಯದು, ಮೇಲೆ ಹೊಚ್ಚಲು ಹೊಸದು. ಇದನ್ನು ಅದಲುಬದಲು ಮಾಡಬೇಡಿ.

ಕಾವಲು ಮಲಗುವವರಿಗೆ

ರಾಶಿಗೆ ಹೊಚ್ಚಿ ತಾನು ನೆನೆಯುವವನೇ ರೈತ! 12x15 ಅಡಿಯ ಒಂದು ಹಗುರ ತಾಡಪತ್ರಿ ಬೇರೆಯೇ ಇರಲಿ. ಎರಡು ಗೂಟದ ನಡುವೆ ಹಗ್ಗ ಬಿಗಿದು, ಗುಡಾರದಂತೆ ಇಳಿಬಿಟ್ಟು, ಗಾಳಿ ಬರುವ ಬದಿಯನ್ನು ನೆಲದವರೆಗೆ ಇಳಿಸಿ. ಹೊರಸು ಒಳಗೆ. ನೀರು ಹಗ್ಗ ಹಿಡಿದೇ ಒಳಗೆ ಬರುತ್ತದೆ. ತಾಡಪತ್ರಿಯ ಹೊರಗೆ, ಎರಡೂ ತುದಿಯಲ್ಲಿ, ಹಗ್ಗಕ್ಕೆ ಒಂದು ಗೇಣು ದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಣ್ಣು ಕಿತ್ತಿದ್ದರೆ ಹೊಸ ತೂತು ಹಾಕಬೇಡಿ; ಒಂದು ಹರಳು ಒಳಗಿಟ್ಟು, ಮುದುಡಿ, ಅದರ ಕುತ್ತಿಗೆಗೆ ಹಗ್ಗ ಕಟ್ಟಿ. ಹತ್ತಿ ಬಿಡಿಸುವ ತಾಯಂದಿರು ಮಗುವಿನ ಜೋಳಿಗೆಗೆ ನೆರಳು ಮಾಡಲೂ ಇದೇ ಸಾಕು. ಬಿಸಿಲಿಗೆ ಕಾಯುವುದರಿಂದ ಮೊಳ ಎತ್ತರಕ್ಕೆ ಕಟ್ಟಬೇಕು ಅಷ್ಟೇ.

ಒಂದು ಮಾತು ಮಾತ್ರ ಮರೆಯಬೇಡಿ. ಗುಡುಗು ಕೇಳಿತೆಂದರೆ ಗುಡಾರವನ್ನೂ ಒಂಟಿ ಮರವನ್ನೂ ಬಿಟ್ಟು ಪಕ್ಕಾ ಮನೆ ಸೇರಿ. ಭರಣಿ, ಕೃತ್ತಿಕಾ ಮಳೆಯ ಸಿಡಿಲಿಗೆ ತಾಡಪತ್ರಿ ಅಡ್ಡ ಬಾರದು. ರಾಶಿ ಹೋದರೆ ಮತ್ತೊಂದು ಬೆಳೆ ಐತಿ.

ಸುಗ್ಗಿ ಮುಗಿದ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿ, ಸುತ್ತಿ, ಇಲಿಗೆ ಸಿಗದಂತೆ ತೂಗುಹಾಕಿ. ವರ್ಷವಿಡೀ ಬಿಸಿಲಿಗೆ ಬಿಟ್ಟದ್ದು ಎಷ್ಟು ತೂಕದ್ದಾದರೂ ಪುಡಿಯಾಗುತ್ತದೆ.

ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ಇದ್ದರೆ ಬರೆಯಿರಿ. ನನ್ನ ಹಾಗೆ ಭತ್ತ ಮೊಳೆಸಿಕೊಂಡೇ ಎಲ್ಲರೂ ಕಲಿಯಬೇಕಿಲ್ಲ.