ಬಾಡಿಗೆಗೆ ಹೋದ ಪಾಸ್‌ಬುಕ್

ಸತ್ತೇಗಾಲದಿಂದ ಕೊಳ್ಳೇಗಾಲದ ಕಾಲೇಜಿಗೆ ಬಸ್ಸು ಹತ್ತುವ ಬಹುತೇಕ ಮಕ್ಕಳಿಗೆ ವಿದ್ಯಾರ್ಥಿವೇತನಕ್ಕೆಂದು ತೆರೆದ ಬ್ಯಾಂಕ್ ಖಾತೆ ಇರುತ್ತದೆ. ಅದರಲ್ಲಿ ಹಣವಿಲ್ಲದಿದ್ದರೂ ವಂಚಕರಿಗೆ ಅದು ಬೇಕು. ಏಕೆ ಗೊತ್ತೇ?

ಕೃತಕ ಬುದ್ಧಿಮತ್ತೆಯಿಂದ ಈಗ ಮುಖವನ್ನೂ ದನಿಯನ್ನೂ ನಕಲು ಮಾಡಬಹುದು. ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಅವರು ಹೂಡಿಕೆಗೆ ಕರೆಯುವಂಥ ನಕಲಿ ವಿಡಿಯೊಗಳು ಹರಿದಾಡಿ, 2023ರ ಡಿಸೆಂಬರಿನಲ್ಲಿ ಅವರೇ ಜನರನ್ನು ಎಚ್ಚರಿಸಬೇಕಾಯಿತು. ಮಗನ ದನಿಯಲ್ಲೇ ‘ಅಪ್ಪಾ, ಅರ್ಜೆಂಟಾಗಿ ದುಡ್ಡು ಹಾಕು’ ಎನ್ನಿಸಲು ಕೆಲವೇ ಸೆಕೆಂಡುಗಳ ಧ್ವನಿಮುದ್ರಣ ಸಾಕು. (ಅಂಥ ಕರೆ ಬಂದರೆ ಫೋನ್ ಇಟ್ಟು, ಮಗನ ಮಾಮೂಲಿ ನಂಬರಿಗೆ ನೀವೇ ಮಾಡಿ ನೋಡಿ.)

ದನಿ ನಕಲಿಯಾದರೂ ಹಣ ಇಳಿಯಲು ಅಸಲಿ ಖಾತೆಯೇ ಬೇಕಲ್ಲ! ವಂಚಕ ತನ್ನ ಹೆಸರಿನದನ್ನು ಬಳಸುವನೇ? ‘ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂದು ವಿದ್ಯಾರ್ಥಿಗಳನ್ನು ಹಿಡಿಯುತ್ತಾರೆ. ಇವಕ್ಕೆ ‘ಮ್ಯೂಲ್’ ಖಾತೆ, ಅಂದರೆ ಹೇಸರಗತ್ತೆ ಖಾತೆ ಎಂದು ಹೆಸರು. ಹೊರೆ ಯಾರದೋ, ಪೆಟ್ಟು ಮಾತ್ರ ಕತ್ತೆಗೆ.

ಇಂಥ ಖಾತೆಗಳನ್ನು ಹುಡುಕಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ಕೃತಕ ಬುದ್ಧಿಮತ್ತೆಯನ್ನೇ ಬಳಸಿ ‘ಮ್ಯೂಲ್‌ಹಂಟರ್’ ರೂಪಿಸಿದೆ. 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಪ್ರಕಟಿಸಿತು. ಸಾವಿರ ರೂಪಾಯಿಯಷ್ಟೇ ಓಡಾಡುತ್ತಿದ್ದ ಖಾತೆಗೆ ಒಮ್ಮೆಗೇ ಲಕ್ಷ ಬಂದು ನಿಮಿಷಗಳಲ್ಲಿ ಖಾಲಿಯಾಗುವಂಥ ನಡೆಯೇ ಇಲ್ಲಿ ಸುಳಿವು. ಆಗ ಪೊಲೀಸರು ವಿಚಾರಿಸುವುದು ಖಾತೆದಾರನನ್ನು.

ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಿದರೆ, ಹಣ ದಾಟಿ ಹೋಗುವ ಮೊದಲೇ ಖಾತೆಯನ್ನು ತಡೆಹಿಡಿಯುವ ಅವಕಾಶವಿದೆ. ಆ ಖಾತೆ ವಿದ್ಯಾರ್ಥಿಯದಾಗಿದ್ದರೆ ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಬೀಳುತ್ತದೆ.