ಮನೇಲಿ ಹುಕ್ಕಾ ಪಾರ್ಟಿ: ‘ನಮ್ಮನೆ, ನಮ್ಮಿಷ್ಟ’ ಅನ್ನೋ ಮುಂಚೆ ಇಷ್ಟು ಗೊತ್ತಿರಲಿ

ಶಿರಸಿ: ಮಳೆಗಾಲದ ಒಂದು ಶನಿವಾರ ಸಂಜೆ. ಮನೆಯವರೆಲ್ಲ ನೆಂಟರ ಮನೆ ಕಾರ್ಯಕ್ಕೆ ಹೋಗಿದ್ದಾರೆ, ಮಹಡಿ ರೂಮು ಖಾಲಿ. ಬೆಂಗಳೂರಿಂದ ರಜೆಗೆ ಬಂದ ಗೆಳೆಯನ ಬ್ಯಾಗಲ್ಲಿ ಹುಕ್ಕಾ ಪಾಟು, ಆಪಲ್ ಫ್ಲೇವರ್, ಒಂದು ಡಬ್ಬಿ ಗೆರಟೆ ಇದ್ದಲು. ಏಳೆಂಟು ಜನ ಸೇರ್ತಾರೆ. ‘ಬಾರ್ ನಡೆಸಿದ್ರೆ ಕೇಸು, ಮನೇಲಿ ಸೇದಿದ್ರೆ ಎಂತ ಆಗ್ತದೆ ಮಾರಾಯ?’ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ನನ್ನ ವಯಸ್ಸಿನವರು ಸಾಕಷ್ಟು ಜನ ಹೀಗೇ ಕೇಳ್ತಾರೆ. ಉತ್ತರ ಅವರು ಅಂದುಕೊಂಡಷ್ಟು ಸಲೀಸಿಲ್ಲ.

ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧದ ಅಧಿಸೂಚನೆ ಹೊರಡಿಸಿತು. ಮಾರಾಟ, ಜಾಹೀರಾತು ಮಾತ್ರ ಅಲ್ಲ, ಸಂಗ್ರಹ ಮತ್ತು ಸೇವನೆ ಎಂಬ ಶಬ್ದಗಳೂ ಅದರಲ್ಲಿವೆ. ‘ಇದು ಹರ್ಬಲ್, ತಂಬಾಕು ಇಲ್ಲ’ ಅನ್ನೋ ವಾದಕ್ಕೂ ಜಾಗ ಇಲ್ಲ. ನಿಕೋಟಿನ್ ಇಲ್ಲದ್ದನ್ನೂ ಸೇರಿಸಿಯೇ ನಿಷೇಧಿಸಿದ್ದಾರೆ. ಹುಕ್ಕಾ ವ್ಯಾಪಾರಿಗಳು ಕೋರ್ಟಿಗೆ ಹೋದರು. ಅದೇ ವರ್ಷ ಏಪ್ರಿಲ್ 22ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಹೈಕೋರ್ಟ್ ಪೀಠ ನಿಷೇಧವನ್ನು ಎತ್ತಿ ಹಿಡಿಯಿತು. ವಿಧಾನಮಂಡಲ ಪಾಸು ಮಾಡಿದ ತಂಬಾಕು ಕಾಯ್ದೆಯ ತಿದ್ದುಪಡಿಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2025ರ ಮೇ ತಿಂಗಳಲ್ಲಿ. ಅದರ ಪ್ರಕಾರ ಹುಕ್ಕಾ ಬಾರ್ ತೆರೆದರೆ ಅಥವಾ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ.

ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಹಾಕುವ 1,000 ರೂಪಾಯಿ ದಂಡ ನಮ್ಮ ಸ್ವಂತ ಮನೆಗೆ ಬರೋದಿಲ್ಲ, ಇದು ನಿಜ. ಆದರೆ ಇನ್ನೊಂದು ಕಾನೂನು ಸೀದಾ ಮನೆಯೊಳಗೇ ಬರ್ತದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್. 18 ತುಂಬದವರಿಗೆ ತಂಬಾಕು ‘ಕೊಟ್ಟರೆ’ ಸಾಕು, ಮಾರಬೇಕು ಅಂತಿಲ್ಲ. 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಪಾರ್ಟಿಗೆ ಬಂದ ಏಳೆಂಟು ಜನರಲ್ಲಿ ಒಬ್ಬ ಪಿಯುಸಿ ಓದೋ ಚಿಕ್ಕಪ್ಪನ ಮಗ ಇದ್ದೇ ಇರ್ತಾನೆ. ‘ಒಂದು ದಮ್ಮು ಎಳಿ’ ಅಂತ ಅವನ ಕೈಗೆ ಪೈಪು ಕೊಡೋನು ಯಾರು? ಮನೆ ಯಾರದ್ದೋ ಅವನೇ. ತಮಾಷೆಗೆ ಕೊಟ್ಟೆ ಅಂದ್ರೆ ಸೆಕ್ಷನ್ ಬದಲಾಗೋದಿಲ್ಲ.

ಹೋಮ್‌ಸ್ಟೇ ನಡೆಸುವವರಿಗೆ ಬೇರೆ ಮಾತೇ ಇದೆ. ಯಲ್ಲಾಪುರದ ಮಾಗೋಡು, ಸಾತೊಡ್ಡಿ ಕಡೆ ಬರುವ ಪ್ರವಾಸಿಗರು ‘ಪಾಟು ನಾವೇ ತಂದಿದೀವಿ, ಕೆಂಡ ಮಾತ್ರ ಮಾಡಿಕೊಡಿ’ ಅಂದ್ರೆ ಹೂಂ ಅನ್ನಬೇಡಿ. ನಿಮ್ಮ ಜಾಗಕ್ಕೆ ದುಡ್ಡು ತಗೊಂಡು ಹುಕ್ಕಾಗೆ ವ್ಯವಸ್ಥೆ ಮಾಡಿಕೊಟ್ಟರೆ ‘ಇದು ನಮ್ಮ ಮನೆ’ ಅಂತ ಹೇಳೋದು ಕಷ್ಟ. ಹೆಸರು ಏನೇ ಇರಲಿ, ಯಾವ ಜಾಗದಲ್ಲೇ ಇರಲಿ, ಹುಕ್ಕಾ ಬಾರ್ ನಡೆಸಬಾರದು ಎಂಬುದು ತಿದ್ದುಪಡಿಯ ತಾತ್ಪರ್ಯ.

ಅಂಗಡಿಯವರು ಫ್ಲೇವರ್ ಪ್ಯಾಕೆಟ್ ಸ್ಟಾಕ್ ಇಟ್ಟುಕೊಂಡರೂ ತೊಂದರೆಯೇ. ಅದೇ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಬಿಡಿ ಸಿಗರೇಟು ಮಾರುವಂತಿಲ್ಲ, ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಮಾರಾಟವೇ ಇಲ್ಲ. ಆನ್‌ಲೈನಲ್ಲಿ ಬರುವ ಇ-ಹುಕ್ಕಾ ಪೆನ್ನು 2019ರ ಕೇಂದ್ರ ಕಾಯ್ದೆಯಲ್ಲೇ ಬಂದ್.

ಕೇಸಿನ ಮಾತು ಆಯ್ತು. ನನಗೆ ನಿಜಕ್ಕೂ ಹೆದರಿಕೆ ಇರೋದು ಇದ್ದಲಿನದ್ದು.

ನಮ್ಮ ಕಡೆ ಹೊಗೆ ಹೊಸದಲ್ಲ. ಬಚ್ಚಲ ಒಲೆ, ಅಡಿಕೆ ಬೇಯಿಸೋ ಒಲೆ ನೋಡಿಯೇ ಬೆಳೆದವರು ನಾವು. ಗುಡುಗುಡಿಯೂ ಹೊಸದಲ್ಲ, ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರ ತತ್ವಪದದಲ್ಲೇ ಅದು ಬರ್ತದೆ. ಆದರೆ ಕೆಂಪಗೆ ಉರಿಯುವ ಇದ್ದಲಿಗೆ ಕಣ್ಣಿಗೆ ಕಾಣೋ ಹೊಗೆ ಇಲ್ಲ. ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ತದೆ. ಜಡಿಮಳೆ ಅಂತ ಕಿಟಕಿ-ಬಾಗಿಲು ಹಾಕಿ, ಎಂಟು ಜನ ಕೂತು, ಒಂದಾದ ಮೇಲೊಂದು ಕೆಂಡ ಬದಲಿಸ್ತಾ ಎರಡು ತಾಸು ಕಳೆದರೆ ಸೇದದವನಿಗೂ ತಲೆ ಹಿಡಿಯೋಕೆ ಶುರು. ನನಗೂ ಒಂದು ಸಲ ಹೀಗಾಗಿತ್ತು. ಪೈಪು ಮುಟ್ಟಿರಲಿಲ್ಲ, ಮೂಲೆಯಲ್ಲಿ ಕೂತು ಇಸ್ಪೀಟು ಆಡ್ತಿದ್ದೆ ಅಷ್ಟೇ. ಎದ್ದು ನಿಂತ್ರೆ ಕಾಲು ನನ್ನದಲ್ಲ. ಊಟದ್ದೇನೋ ಪಿತ್ತ ಅಂದ್ಕೊಂಡು ಮಲಗೋಕೆ ಹೊರಟಿದ್ದೆ, ಗೆಳೆಯನ ಅಜ್ಜಿ ಬಂದು ಬಾಗಿಲು ತೆಗೆದು ಎಲ್ಲರನ್ನೂ ಬೈದು ಜಗಲಿಗೆ ಅಟ್ಟಿದರು. ಅವರಿಗೆ ಗ್ಯಾಸಿನ ಹೆಸರು ಗೊತ್ತಿಲ್ಲ, ಆದ್ರೆ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಬಾರದು ಅನ್ನೋದು ಗೊತ್ತು.

‘ನೀರಲ್ಲಿ ಸೋಸಿ ಬರ್ತದಲ್ಲ’ ಅಂತಾರೆ. ನೀರು ಹೊಗೆಯನ್ನು ತಂಪು ಮಾಡ್ತದೆ, ವಿಷ ತೆಗೆಯೋದಿಲ್ಲ. ತಂಪಾದ ಕಾರಣಕ್ಕೇ ಇನ್ನೂ ಆಳಕ್ಕೆ ಎಳೀತಾರೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಲೆಕ್ಕ ಕೊಟ್ಟಿದೆ: ಒಂದು ಸಿಗರೇಟಿಗೆ 8ರಿಂದ 12 ದಮ್ಮು, ಹುಕ್ಕಾ ಕೂಟದಲ್ಲಿ ಒಬ್ಬ 50ರಿಂದ 200 ದಮ್ಮು ಎಳೀತಾನೆ, ದಮ್ಮೂ ದೊಡ್ಡದು. ಒಳಗೆ ಹೋಗುವ ಹೊಗೆ 100 ಸಿಗರೇಟಿನಷ್ಟೂ ಆಗಬಹುದು. ಒಂದೇ ಪೈಪು ಬಾಯಿಂದ ಬಾಯಿಗೆ ದಾಟುವಾಗ ಹರಡೋ ಸೋಂಕು ಬೇರೆ.

ಇದ್ದಲು ಉರಿದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ತಲೆಸುತ್ತು ಬಂದ್ರೆ ನಿಂಬೆ ಶರಬತ್ತು ಮಾಡ್ತಾ ಕೂರಬೇಡಿ. ಮೊದಲು ಅವರನ್ನು ಹೊರಗೆ ಗಾಳಿಗೆ ತನ್ನಿ, ಬಾಗಿಲು ಕಿಟಕಿ ತೆಗೀರಿ, ಕೆಂಡ ಅಂಗಳಕ್ಕೆ ಹಾಕಿ. ಎಚ್ಚರ ತಪ್ಪಿದ್ರೆ ತಕ್ಷಣ 108. ಬೆರಳಿಗೆ ಹಾಕೋ ಆಕ್ಸಿಮೀಟರ್ 98 ತೋರಿಸ್ತಿದೆ ಅಂತ ಸುಮ್ಮನಾಗಬೇಡಿ. ಈ ಗ್ಯಾಸ್ ಅಂಟಿದ ರಕ್ತವನ್ನೂ ಆ ಯಂತ್ರ ಸರಿ ಇದೆ ಅಂತಲೇ ಓದ್ತದೆ. ಆಸ್ಪತ್ರೆಯಲ್ಲಿ ನಾಚಿಕೆ ಬಿಟ್ಟು ‘ಮುಚ್ಚಿದ ಕೋಣೇಲಿ ಇದ್ದಲು ಉರೀತಿತ್ತು’ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಹೇಳದಿದ್ರೆ ಅವರು ಹೊಟ್ಟೆ ಕೆಟ್ಟಿದೆ ಅಂತ ಔಷಧಿ ಕೊಟ್ಟು ಕಳಿಸೋ ಸಾಧ್ಯತೆ ಇದೆ.